ಮೆಟ್ಟಿಲಿನಿಂದ ಬಿದ್ದದ್ದಲ್ಲ

ಹೊಸ ತಿಪ್ಪಸಂದ್ರ, ಬೆಂಗಳೂರು
6 ಏಪ್ರಿಲ್ 2025, ಭಾನುವಾರ

ಪ್ರೀತಿಯ ನೂರೂ,

ನನ್ನ ಬಲಮಂಡಿಯ ಒಳಗಿನ ಲಿಗಮೆಂಟು ಪೂರ್ತಿ ಹರಿದಿದೆ. ಇದೇ ಇಪ್ಪತ್ತೊಂದನೇ ತಾರೀಕು, ಸೋಮವಾರ ಆಪರೇಷನ್. ಹೀಗೆಂದು ಮೊನ್ನೆ ಶುಕ್ರವಾರ ಹೇಳಿದವರು ಇಂದಿರಾನಗರದ ಡಾಕ್ಟರ್ ಸಂಘಮಿತ್ರಾ. ಬರಿ ಬಾಯಲ್ಲಿ ಹೇಳಲಿಲ್ಲ. ಸ್ಕ್ಯಾನಿಂಗಿನ ಚಿತ್ರ ತೋರಿಸಿ, "ಇಲ್ಲಿ ಹಗ್ಗದ ಥರ ಒಂದು ಕಪ್ಪು ಪಟ್ಟಿ ಇರಬೇಕಿತ್ತು, ಇಲ್ಲ ನೋಡಿ" ಅಂದರು. ನೋಡಿದೆ. ಇರಲಿಲ್ಲ.

ಸುದ್ದಿ ಮೊದಲು, ಹೇಳಿದವರು ಆಮೇಲೆ, ಉಪ್ಪುಖಾರ ಕೊನೆಗೆ. ನಮ್ಮಪ್ಪನ ಈ ಪಾಠ ನಿನಗೂ ನೆನಪಿರಬೇಕು. ಶಿವಾಜಿನಗರದಲ್ಲಿ ಬೆಳಗಿನ ಪೇಪರ್ ಬಂಡಲ್ ಬಿಚ್ಚಿ, ಹಂಚುವ ಹುಡುಗರು ಬರುವ ಮೊದಲು ನಮ್ಮಿಬ್ಬರ ಕೈಲೂ ಮುಖಪುಟ ಓದಿಸುತ್ತಿದ್ದರಲ್ಲ. ನೀನು ಒತ್ತಕ್ಷರ ನುಂಗಿದರೆ ನಿನ್ನ ಇಡ್ಲಿಯಲ್ಲಿ ಅರ್ಧ ನನಗೆ. ಆ ಅಭ್ಯಾಸದಿಂದಲೇ ಕ್ಷೇಮಸಮಾಚಾರ ಈಗ ಮೂರನೇ ಪ್ಯಾರಾದಲ್ಲಿ ಬರುತ್ತಿದೆ.

ತಡವಾಯಿತು, ಕ್ಷಮಿಸು. ದಸರಾ ಹೊತ್ತಿಗೆ ನೀನು ಬರೆದ ಪತ್ರಕ್ಕೆ ಇದು ಉತ್ತರ. ಈ ಸಲ ಯುಗಾದಿ ಭಾನುವಾರ ಬಂತು, ನಿಮ್ಮ ಹಬ್ಬ ಮಾರನೇ ದಿನವೇ. ಎರಡಕ್ಕೂ ಸೇರಿಸಿ ಒಂದೇ ಕಾಗದ ಬರೆಯೋಣ ಅಂತ ಕೂತಿದ್ದೆ, ಆಗಲಿಲ್ಲ. ಒಂದು ವಾರ ಹಳೆಯದಾದ ಈದ್ ಮುಬಾರಕ್ ತೆಗೆದುಕೋ. ನನ್ನ ಪಾಲಿನ ಶೀರ್ ಕುರ್ಮಾ ಪಾಯಸ ಯಾರು ಕುಡಿದರು? ಕಿವಿಯ ಮಷೀನು ಈಗಲಾದರೂ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಅದಿನ್ನೂ ಅಲಮಾರಿಯಲ್ಲೇ ಇದೆಯಾ? ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನಿನಗಿಂತ ಮೊದಲು ನಿನ್ನ ಸೊಸೆ ನಾಜಿಶ್ ಓದಿ, "ಭಾಗ್ಯಾ ಆಂಟಿಗೆ ಏನೋ ಆಗಿದೆಯಂತೆ" ಎಂದು ಇಡೀ ಚಿಂತಾಮಣಿಗೆ ಹೇಳುತ್ತಾಳೆ. ಅಂಚೆಯಣ್ಣನೇ ವಾಸಿ.

ನಿನ್ನ ಎಡಮಂಡಿ ಹೇಗಿದೆ? ನಮಾಜನ್ನು ಈಗಲೂ ಕುರ್ಚಿಯ ಮೇಲೆ ಕೂತೇ ಮಾಡುತ್ತೀಯಾ? ಅದಕ್ಕೆ ಆಮೇಲೆ ಬರುತ್ತೇನೆ.

ನನ್ನದು ನಡೆದದ್ದು ಹೀಗೆ. ಹೋದ ನವೆಂಬರ್ ಇಪ್ಪತ್ತನಾಲ್ಕು, ಭಾನುವಾರ. ರಾಜ್ಯೋತ್ಸವದ ಹೆಸರಲ್ಲಿ ಜೀವನ್ ಬಿಮಾ ನಗರದ ಮೈದಾನದಲ್ಲಿ ಹೆಂಗಸರ ಥ್ರೋಬಾಲ್ ಪಂದ್ಯ. ನಮ್ಮ ಬೀದಿಯ ಏಳು ಜನ, ಎದುರಿಗೆ ಕೆ.ಆರ್. ಪುರದ ತಂಡ. ನಮ್ಮಲ್ಲಿ ಆರು ಜನ ನಲವತ್ತು ದಾಟಿದವರು. ಏಳನೆಯವಳು ನಮ್ಮ ಮಹಡಿಮನೆಯಲ್ಲಿ ಬಾಡಿಗೆಗಿರುವ ನಾಗರತ್ನಾ, ಯಾದಗಿರಿ ಕಡೆಯವಳು, ಕೈ ಕಬ್ಬಿಣದಂಥದ್ದು. ನಾನು ಮಗಳು ದಿವ್ಯಳ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡಿದ್ದೆ. ಮೂರನೇ ಸೆಟ್, ಹದಿಮೂರು–ಹದಿಮೂರು. ಹಿಂದಿನ ಮೂಲೆಗೆ ಬಂದ ಚೆಂಡು ಹಿಡಿದೆ, ನೆಗೆದು ಎದುರು ಮೂಲೆಗೆ ಎಸೆದೆ. ಇಳಿಯುವಾಗ ಬಲಗಾಲು ನೆಲಕ್ಕೆ ಊರಿತು, ಮೈ ಮಾತ್ರ ಚೆಂಡು ಹೋದ ಕಡೆಗೆ ತಿರುಗಿತ್ತು. ಒಳಗೆ 'ಟಪ್' ಅಂದದ್ದು ನನಗೇ ಕೇಳಿಸಿತು. ನಾನು ಬಿದ್ದೆ, ಚೆಂಡು ಅವರ ಕಡೆ ಬಿತ್ತು. ಪಾಯಿಂಟ್ ನಮ್ಮದು. ಆಮೇಲೆ ಆರು ಜನರೇ ಆಡಿ ಹದಿನಾಲ್ಕು–ಹದಿನಾರಕ್ಕೆ ಸೋತರು, ಅದು ಬೇರೆ ಮಾತು. ಆ ಪಾಯಿಂಟ್ ನಮ್ಮದು.

"ಅಕ್ಕಾರ, ಏಳಬ್ಯಾಡ್ರಿ, ಮೊಣಕಾಲ ಬಾತದ ನೋಡ್ರಿ," ಎಂದು ನಾಗರತ್ನಾ ನನ್ನನ್ನು ಹೊತ್ತೇ ಆಟೊದಲ್ಲಿ ಕೂರಿಸಿದಳು.

ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದೆವು. ನಮ್ಮನೆಯವರೂ ಅಲ್ಲಿಗೇ ಬಂದರು. ಡ್ಯೂಟಿ ಡಾಕ್ಟರ್ ಚೀಟಿ ಬರೆಯುತ್ತಾ, "ಹೇಗಾಯ್ತಮ್ಮ?" ಅಂತ ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವ ಮೊದಲು ನಮ್ಮನೆಯವರು, "ಮೆಟ್ಟಿಲಿಂದ ಜಾರಿದ್ಲು ಸಾರ್" ಅಂದರು. ಪ್ಯಾಂಟಿನ ತುಂಬ ಮೈದಾನದ ಕೆಂಪು ಮಣ್ಣಿತ್ತು. ಡಾಕ್ಟರ್ ಮಣ್ಣನ್ನು ನೋಡಲಿಲ್ಲ, ಹೇಳಿದ್ದನ್ನು ಬರೆದುಕೊಂಡರು. ನಾನೂ ಸುಮ್ಮನಿದ್ದೆ.

ನಮ್ಮ ಕಡೆ ಹೆಂಗಸರು ಎರಡೇ ಜಾಗದಲ್ಲಿ ಬೀಳುತ್ತಾರೆ ನೂರೂ. ಬಚ್ಚಲಲ್ಲಿ, ಇಲ್ಲಾ ಮೆಟ್ಟಿಲಲ್ಲಿ. ಬೇರೆ ಕಡೆ ಬಿದ್ದವರನ್ನೂ ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಮೆಟ್ಟಿಲ ಹತ್ತಿರ ತಂದು ಬಿಟ್ಟಿರುತ್ತಾರೆ. ಇದನ್ನು ಯಾರೂ ಕೂತು ಯೋಚಿಸಿ ಹೇಳುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಷ್ಟೇ ಸಲೀಸಾಗಿ ಹೇಳುತ್ತಾರೆ. ತಮಾಷೆಯೆಂದರೆ ನಮ್ಮದು ಕೆಳಮನೆ. ನಾನು ದಿನಕ್ಕೆ ಹತ್ತಿ ಇಳಿಯುವುದು ಮೂರೇ ಮೆಟ್ಟಿಲು.

ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. "ವಯಸ್ಸು ನಲವತ್ತೇಳು, ಸ್ವಲ್ಪ ಸವೆತ, ಬಿದ್ದದ್ದಕ್ಕೆ ಉಳುಕಿದೆ" ಅಂದರು. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ಲಿಗಮೆಂಟು ಕಾಣುವುದಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಮಂಡಿಗೆ ಹಾಕಿಕೊಳ್ಳುವ ಪಟ್ಟಿ, ಮುಲಾಮು, ಕ್ಯಾಲ್ಸಿಯಂ ಮಾತ್ರೆ. ನೆಲದ ಮೇಲೆ ಕೂರಬೇಡಿ ಎಂಬ ಬುದ್ಧಿಮಾತು. ನಾಲ್ಕು ತಿಂಗಳು ಹೀಗೇ ಹೋಯಿತು. ಊತ ಇಳಿಯಿತು, ನೋವು ಕಡಿಮೆಯಾಯಿತು, ಮಂಡಿ ಮಾತ್ರ ನನ್ನದಲ್ಲ ಅನ್ನಿಸುತ್ತಿತ್ತು. ಫೆಬ್ರವರಿಯಲ್ಲಿ ಮಾರ್ಕೆಟ್ ರೋಡಿನಲ್ಲಿ ಹಿಂದಿನಿಂದ ಬೈಕಿನವನು ಹಾರ್ನ್ ಮಾಡಿದ. ಪಕ್ಕಕ್ಕೆ ತಿರುಗಿದೆ ಅಷ್ಟೇ, ಕಾಲು ಕುಸಿಯಿತು. ಸೊಪ್ಪಿನ ರಾಶಿಯ ಮೇಲೆ ಕೂತೆ. ಸೊಪ್ಪಿನಾಕೆ ಮೊದಲು ತಮಿಳಿನಲ್ಲಿ ಬೈದಳು, ಆಮೇಲೆ ನೀರು ಕೊಟ್ಟಳು, ಆಮೇಲೆ ನಾನು ಕೂತಿದ್ದ ಮೆಂತ್ಯವನ್ನೆಲ್ಲ ನನಗೇ ಮಾರಿದಳು.

ಇಷ್ಟರಲ್ಲಿ "ಬೇಕಿತ್ತಾ ಇದು?" ಅಂತ ನನ್ನನ್ನು ಹನ್ನೊಂದು ಜನ ಕೇಳಿದ್ದರು. ಎಣಿಸಿದ್ದೇನೆ. ಓರಗಿತ್ತಿ ಎರಡು ಸಲ ಕೇಳಿದಳು, ಅದನ್ನು ಒಂದೇ ಅಂತ ಹಿಡಿದಿದ್ದೇನೆ. ಅಂದರೆ ನಾನು ಆಡುವಾಗ ಬಿದ್ದೆ ಅಂತ ಇಡೀ ಬೀದಿಗೆ ಗೊತ್ತು. ಗೊತ್ತಿಲ್ಲದ್ದು ಆಸ್ಪತ್ರೆಗೆ ಮಾತ್ರ.

ಇಂದಿರಾನಗರದಲ್ಲಿ ಆಟದ ಪೆಟ್ಟುಗಳನ್ನೇ ನೋಡುವ ಡಾಕ್ಟರ್ ಇದ್ದಾರೆ ಅಂತ ಹುಡುಕಿದ್ದು ದಿವ್ಯ. ಮಾರ್ಚ್ ಇಪ್ಪತ್ತೆರಡಕ್ಕೆ ಅವಳು, ನಮ್ಮನೆಯವರು, ನಾನು ಮೂವರೂ ಹೋದೆವು. ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಫುಟ್‌ಬಾಲ್ ಹುಡುಗರು, ಒಬ್ಬಳು ಬ್ಯಾಡ್ಮಿಂಟನ್ ಹುಡುಗಿ. ಎಲ್ಲರ ಮಂಡಿಗೂ ಪಟ್ಟಿ. ಒಬ್ಬ ಹುಡುಗ ನನ್ನನ್ನು, "ಆಂಟಿ, ಯಾರ ಜೊತೆ ಬಂದಿದ್ದೀರಾ?" ಅಂತ ಕೇಳಿದ. "ನನ್ನ ಜೊತೆ," ಅಂದೆ.

ಸಂಘಮಿತ್ರಾಗೆ ಮೂವತ್ತೈದಿರಬಹುದು. ಹಳೆಯ ಚೀಟಿ ಓದಿ, "ಮೆಟ್ಟಿಲಿಂದ ಬಿದ್ರಾ? ಎಷ್ಟನೇ ಮೆಟ್ಟಿಲು?" ಎಂದರು.

"ಮೇಲಿಂದ ಮೂರನೇದು," ಅಂದರು ನಮ್ಮನೆಯವರು.

"ಹತ್ತುವಾಗ್ಲೋ, ಇಳಿಯುವಾಗ್ಲೋ?"

"ಇಳಿಯುವಾಗ. ಬೆಳಿಗ್ಗೆ ನೀರು ಹಾಕಿ ತೊಳೆದಿದ್ರು."

"ಸರ್, ಮಂಡಿ ಯಾರದು?"

"ಅವಳದೇ."

"ಹಾಗಾದ್ರೆ ಅವರೇ ಹೇಳ್ಲಿ ಬಿಡಿ."

ನನ್ನನ್ನು ಮಂಚದ ಮೇಲೆ ಮಲಗಿಸಿ ಮಂಡಿಯನ್ನು ಸ್ವಲ್ಪ ಮಡಿಸಿದರು. ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಮಂಡಿಯ ಕೆಳಗೆ ಹಿಡಿದು ಎಳೆದರು. ಮೇಜಿನ ಖಾನೆ ಹೊರಗೆ ಬಂದ ಹಾಗೆ ಕಾಲು ಮುಂದಕ್ಕೆ ಬಂತು. ಎಡಗಾಲನ್ನೂ ಹಾಗೇ ಎಳೆದರು, ಅದು ಅಲ್ಲಾಡಲಿಲ್ಲ. ಆಮೇಲೆ ನನ್ನ ಮುಖ ನೋಡಿ ಕೇಳಿದರು. ಬಿದ್ದಾಗ ಏನಾದರೂ ಶಬ್ದ ಕೇಳಿಸಿತಾ? ಊತ ಆವತ್ತೇ ಬಂತಾ, ಮಾರನೇ ದಿನವಾ? ಕಾಲು ನೆಲಕ್ಕೆ ಅಂಟಿದ್ದಾಗ ಮೈ ತಿರುಗಿತ್ತಾ?

"ಡಾಕ್ಟ್ರೇ," ಅಂದೆ, "ನಾನು ಮೆಟ್ಟಿಲಿಂದ ಬಿದ್ದಿಲ್ಲ. ಥ್ರೋಬಾಲ್ ಆಡುವಾಗ ಬಿದ್ದೆ."

ನಾಲ್ಕು ತಿಂಗಳಲ್ಲಿ ಅದು ಮೊದಲ ಸಲ ನೂರೂ. ನಮ್ಮನೆಯವರು ಗೋಡೆಯ ಮೇಲಿದ್ದ ಎಲುಬಿನ ಪಟ ನೋಡತೊಡಗಿದರು. ದಿವ್ಯ ಮೊಬೈಲ್ ತೆಗೆದು ಮುಂದಿಟ್ಟಳು. ಆವತ್ತಿನ ವಿಡಿಯೊ, ಹನ್ನೊಂದು ಸೆಕೆಂಡ್. ಅವಳ ಹತ್ತಿರ ಅದು ಇದೆ ಅಂತ ನನಗೂ ಗೊತ್ತಿರಲಿಲ್ಲ. ಡಾಕ್ಟರ್ ಮೂರು ಸಲ ನೋಡಿದರು.

"ಎಸೆತ ಚೆನ್ನಾಗಿದೆ," ಅಂದರು ಮೊದಲು. ಆಮೇಲೆ, "ಇದನ್ನ ನವೆಂಬರಿನಲ್ಲೇ ಯಾರಾದ್ರೂ ಹೇಳಿದ್ರೆ ಆ ವಾರವೇ ಸ್ಕ್ಯಾನ್ ಆಗ್ತಿತ್ತು. ಜಾರಿ ಬಿದ್ದೆ ಅಂದ್ರೆ ಒಂದು ಥರ ನೋಡ್ತೀವಿ, ನೆಗೆದು ಇಳಿಯುವಾಗ ತಿರುಗಿತು ಅಂದ್ರೆ ಬೇರೆ ಥರ ನೋಡ್ತೀವಿ. ನೀವು ಹೇಳಿದ ಕಡೆಯೇ ನಾವು ಹುಡುಕೋದು."

ಅವರ ಫೈಲಿನ ಮೊದಲ ಪುಟದಲ್ಲಿ ಕೌಂಟರಿನ ಹುಡುಗಿ ಹಳೆಯ ಚೀಟಿ ನೋಡಿ, ಮೆಟ್ಟಿಲಿನಿಂದ ಬಿದ್ದದ್ದು ಅಂತ ಆಗಲೇ ಬರೆದಿದ್ದಳು. ಅದನ್ನು ತಿದ್ದಿ ಅಂದೆ. "ಒಳಗಡೆ ಸರಿಯಾಗಿ ಬರೀತೀನಿ ಮೇಡಂ, ಅದು ಇರಲಿ ಬಿಡಿ," ಅಂದರು. ಇರಬಾರದು ಅಂದೆ. ಅವರು ನಕ್ಕು ಆ ಸಾಲಿಗೆ ಅಡ್ಡಗೆರೆ ಎಳೆದರು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದರು. ಕನ್ನಡದಲ್ಲಿ ಓದಿ ಹೇಳಿ ಅಂದೆ. "ಥ್ರೋಬಾಲ್ ಪಂದ್ಯದಲ್ಲಿ, ನೆಗೆದು ಇಳಿಯುವಾಗ, ಬಲಮಂಡಿ ತಿರುಚಿದೆ." ಅಪ್ಪ ಇದ್ದಿದ್ದರೆ ಇದಕ್ಕೆ ಒಂದೇ ಮಾತು ಹೇಳುತ್ತಿದ್ದರು: ತಿದ್ದುಪಡಿ.

ಆಪರೇಷನ್ ಆಗಲೇಬೇಕಾ ಅಂತ ನೀನು ಕೇಳುತ್ತೀಯ. ಸ್ಕ್ಯಾನ್ ಮಾಡಿಸಿಕೊಂಡು ಶುಕ್ರವಾರ ಮತ್ತೆ ಮೂವರೂ ಹೋದಾಗ ನಮ್ಮನೆಯವರು ಅದನ್ನೇ ಕೇಳಿದರು. ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ನಿಮ್ಮ ವಯಸ್ಸಿನಲ್ಲಿ ಹಲವರು ಆಪರೇಷನ್ ಇಲ್ಲದೆ ವ್ಯಾಯಾಮದಲ್ಲೇ ನಿಭಾಯಿಸುತ್ತಾರೆ, ನಡೆಯಬಹುದು, ಅಡುಗೆ ಮಾಡಬಹುದು, ಹುಷಾರಾಗಿ ಇರಬೇಕು ಅಷ್ಟೇ ಅಂದರು.

"ಅಂದ್ರೆ ಆಡದಿದ್ರೆ ಆಪರೇಷನ್ನೇ ಬೇಡ ಅಲ್ವಾ ಡಾಕ್ಟ್ರೇ?" ನಮ್ಮನೆಯವರ ದನಿಯಲ್ಲಿ ನಾಲ್ಕು ತಿಂಗಳಲ್ಲಿ ಕೇಳದ ಗೆಲುವು.

"ಬೇಡದೇ ಇರಬಹುದು. ನೆಗೆದು, ತಿರುಗಿ ಆಡಬೇಕು ಅಂದ್ರೆ ಬೇಕು. ಆಮೇಲೂ ಒಂಬತ್ತು ತಿಂಗಳು ಕಾಯಬೇಕು. ಕೆಲವರಿಗೆ ಒಂದು ವರ್ಷ. ಪೂರ್ತಿ ಮೊದಲಿನ ಹಾಗೇ ಆಗುತ್ತೆ ಅಂತ ನಾನು ಮಾತು ಕೊಡಲ್ಲ."

ಮೂವರೂ ನನ್ನ ಕಡೆ ನೋಡಿದರು. ನೂರೂ, ಎಷ್ಟೋ ವರ್ಷಗಳಿಂದ ನನ್ನನ್ನು ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ. ಏನು ಅಡುಗೆ ಅಂತ ಕೇಳಿದ್ದಾರೆ, ಬೀರುವಿನ ಕೀಲಿ ಎಲ್ಲಿ ಅಂತ ಕೇಳಿದ್ದಾರೆ. ನಿನಗೆ ಆಡಬೇಕಾ ಅಂತ ಕೇಳಿರಲಿಲ್ಲ.

"ಆಡ್ತೀನಿ," ಅಂದೆ. "ತಾರೀಕು ಹೇಳಿ."

ಮನೆಗೆ ಬಂದ ಮೇಲೆ ಜಗಳ. ನಮ್ಮನೆಯವರು ಕೆಟ್ಟವರಲ್ಲ, ನಿನಗೇ ಗೊತ್ತು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆ ತಪ್ಪದೆ ಕೆಲಸ ಮಾಡಿದವರು. ಸಂಬಂಧಿಕರ ಮುಂದೆ ಮಾತ್ರ ಅವರ ಅಳತೆ ತಪ್ಪುತ್ತದೆ. "ಐವತ್ತು ಹತ್ರ ಬಂತು. ತೊಡೆಯಿಂದ ನರ ಕಿತ್ತು ಮಂಡಿಗೆ ಹೊಲೀತಾರಂತೆ, ಯಾತಕ್ಕೆ? ಚೆಂಡು ಎಸೆಯೋಕೆ! ಊರಿನವರು ಕೇಳಿದ್ರೆ ಏನು ಹೇಳ್ಲಿ? ಮೆಟ್ಟಿಲು ಅಂತ ಹೇಳಿದ್ದು ನಿನ್ನ ಮರ್ಯಾದೆಗೆ ತಾನೇ?"

ಅತ್ತೆ ದೊಡ್ಡಮುನಿಯಮ್ಮ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಎಂಬತ್ತೆರಡಾಯಿತು ಅವರಿಗೆ. ಈ ತಿಪ್ಪಸಂದ್ರ ರಾಗಿ ಹೊಲವಾಗಿದ್ದಾಗ ಇಲ್ಲಿ ಕಳೆ ಕಿತ್ತವರು. ತಲೆ ಎತ್ತದೆ ಹೇಳಿದರು:

"ಏನ್ಲಾ ಅದು, ಆವಾಗಿಂದ ಮೆಟ್ಲು ಮೆಟ್ಲು ಅಂತೀಯ? ಇರಾದೇ ಮೂರು ಮೆಟ್ಲು. ನಾನು ಹೊಲದಾಗೆ ಬಿದ್ದು ಸೊಂಟ ಮುರ್ಕಂಡಾಗ ನಿಮ್ಮಪ್ಪ ಹೊಲದಾಗೆ ಬಿದ್ಲು ಅಂತ್ಲೇ 'ಬೌರಿಂಗ್' ಆಸ್ಪತ್ರೆನಾಗೆ ಬರ್ಸಿದ್ರು. ಅದ್ಕೇ ಎದ್ದು ಓಡಾಡ್ದೆ."

"ಅಮ್ಮಾ, ಅದು ಕೆಲಸ. ಇದು ಆಟ."

"ಆಡಾದು ಬ್ಯಾಡ ಅಂತ ನಾನೂ ಅಂತೀನಿ. ಮುದುಕಿ ಆಗೋ ಕಾಲ್ದಾಗೆ ಇವಳ್ಗೆ ಯಾಕೆ ಬೇಕಿತ್ತೋ." ಹನ್ನೆರಡನೆಯವರು ಅಂತ ಲೆಕ್ಕ ಹಾಕಿಕೊಂಡೆ. "ಆದ್ರೆ ಬಿದ್ದಿದ್ದನ್ನ ಬಿದ್ದಂಗೇ ಹೇಳ್ಬೇಕಪ್ಪ. ಸುಳ್ಳು ಹೇಳಿದ್ರೆ ಮದ್ದು ಯಾವ ಕಡೀಕೆ ಹೋಗ್ಬೇಕು?"

"ಬೇಕಿತ್ತು ಅತ್ತೆ," ಅಂದೆ. ಹನ್ನೆರಡು ಜನಕ್ಕೂ ಸೇರಿಸಿ ಒಂದೇ ಉತ್ತರ. ಅವರು ಒಂದು ಸಲ ನನ್ನ ಕಡೆ ನೋಡಿ, ಬೆಳ್ಳುಳ್ಳಿ ಮೊರವನ್ನು ನನ್ನ ಮುಂದೆ ತಳ್ಳಿದರು. ಕುರ್ಚಿಯ ಮೇಲೆ ಕೂತೇ ಸುಲಿದೆ. ನಮ್ಮನೆಯವರು ಎರಡು ದಿನ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಪೇಪರ್ ಓದುತ್ತಾ, "ಇಪ್ಪತ್ತೊಂದಕ್ಕೆ ಎಷ್ಟು ಗಂಟೆಗೆ ಬರಕ್ಕೆ ಹೇಳಿದ್ದಾರೆ?" ಅಂದರು. ಆರು ಗಂಟೆಗೆ, ಏನೂ ತಿನ್ನದೆ ಅಂದೆ. "ಆಟೊದವನಿಗೆ ಹೇಳ್ತೀನಿ." ಅಷ್ಟೇ ಮಾತು.

ಉಳಿದಂತೆ ಎಲ್ಲ ಚೆನ್ನಾಗಿದೆ. ದಿವ್ಯಳ ಪರೀಕ್ಷೆ ಮುಗಿಯಿತು. ನಾಗರತ್ನಾ ನನ್ನ ಜಾಗದಲ್ಲಿ ಹಿಂದಿನ ಮೂಲೆಗೆ ನಿಲ್ಲುತ್ತಿದ್ದಾಳೆ. "ಜಾಗಾ ಕಾದಿಟ್ಟೀನಿ ಅಕ್ಕಾರ, ನಂದಲ್ಲ ಇದು," ಅನ್ನುತ್ತಾಳೆ. ನಿಮ್ಮ ಯಜಮಾನರಿಗೆ ನಮಸ್ಕಾರ ಹೇಳು. ಮೊಮ್ಮಗನಿಗೆ ನನ್ನ ಆಶೀರ್ವಾದ, ನಾಜಿಶ್‌ಗೂ. ಈ ಪತ್ರವನ್ನು ಅವಳು ಓದಿದರೂ ಅಡ್ಡಿಯಿಲ್ಲ ಅಂತ ಹೇಳು, ಮುಚ್ಚಿಡುವ ಕಾಲ ಮುಗಿಯಿತು. ದೇವರು ನಿನಗೆ ಆರೋಗ್ಯ ಕೊಡಲಿ, ಕಿವಿಗೂ ಕಾಲಿಗೂ.

ನಿನ್ನ,
ಭಾಗ್ಯಲಕ್ಷ್ಮಿ

ಮರೆತಿದ್ದಲ್ಲ, ಕೊನೆಗೆ ಇಟ್ಟುಕೊಂಡದ್ದು: ಪೇಪರಿನವರು ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹಾಕುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೇನೆ.

1995ರ ಅಕ್ಟೋಬರ್. ಧಾರವಾಡದ ರಾಜ್ಯಮಟ್ಟದ ಪಂದ್ಯಕ್ಕೆ ಒಂಬತ್ತು ದಿನ ಇತ್ತು. ನೀನು ಕ್ಯಾಪ್ಟನ್. ಕಾಲೇಜಿನ ಮೈದಾನದಲ್ಲಿ ನೆಗೆದು ಇಳಿಯುವಾಗ ನಿನ್ನ ಎಡಮಂಡಿ ತಿರುಗಿತು. ನಿನ್ನ ಅಬ್ಬಾ ನಿನ್ನನ್ನು ಮೂಳೆ ಕೂರಿಸುವ ಪೈಲ್ವಾನರ ಹತ್ತಿರ ಕರೆದುಕೊಂಡು ಹೋದರು, ಜೊತೆಗೆ ನಾನೂ ಬಂದೆ. "ಕೈಸಾ ಗಿರೀ ಬೇಟಾ?" ಹೇಗೆ ಬಿದ್ದೆ ಅಂತ ಪೈಲ್ವಾನರು ಕೇಳಿದಾಗ ನೀನು ನನ್ನ ಮುಖ ನೋಡಿದೆ. "ಕಾಲೇಜಿನ ಮೆಟ್ಟಿಲಿಂದ ಜಾರಿದಳು" ಅಂದದ್ದು ನಾನು. ಅವರು ಎಳೆದು ಕಟ್ಟಿದರು. ಇಪ್ಪತ್ತೊಂದು ದಿನದ ಮೇಲೆ ಬಿಚ್ಚಿದಾಗ ನೀನು ಕುಂಟುತ್ತಿದ್ದೆ. ನಿನ್ನ ಮದುವೆಯಲ್ಲೂ ಕುಂಟುತ್ತಿದ್ದೆ.

ನಿನ್ನ ಆಟದ ವಿಷಯ ಅಬ್ಬಾಗೆ ತಿಳಿದರೆ ಕಾಲೇಜು ಬಿಡಿಸುತ್ತಾರೆ, ಅದಕ್ಕೇ ಹಾಗೆ ಹೇಳಿದೆ ಅಂತ ಮೂವತ್ತು ವರ್ಷ ನಿನ್ನನ್ನು ನಂಬಿಸಿದ್ದೇನೆ. ನಿಜ ಅದಲ್ಲ. ಅವರು ಬಂದು ಪ್ರಿನ್ಸಿಪಾಲರ ಹತ್ತಿರ ಗಲಾಟೆ ಮಾಡಿದರೆ ತಂಡವನ್ನೇ ಕಳಿಸುವುದಿಲ್ಲ ಅನ್ನುವ ಭಯ ನನಗಿತ್ತು. ನಾನು ಉಳಿಸಿದ್ದು ನಿನ್ನ ಕಾಲೇಜನ್ನಲ್ಲ, ನನ್ನ ಧಾರವಾಡವನ್ನು. ನಿನ್ನ ಜಾಗದಲ್ಲಿ ಕ್ಯಾಪ್ಟನ್ ಆಗಿ ನಾನು ಹೋದೆ.

ಇನ್ನೊಂದು. ಅಬ್ಬಾ ತೀರಿಕೊಂಡ ವರ್ಷ ನಾನು ನೋಡಲು ಹೋಗಿದ್ದಾಗ ಹೇಳಿದರು. ನೀನು ಆಡುತ್ತಿದ್ದದ್ದು ಅವರಿಗೆ ಮೊದಲೇ ಗೊತ್ತಿತ್ತಂತೆ. ಒಂದು ದಿನ ಕಾಂಪೌಂಡಿನ ಆಚೆ ನಿಂತು ಪೂರ್ತಿ ಒಂದು ಸೆಟ್ ನೋಡಿದ್ದರಂತೆ. "ಮೆಟ್ಟಿಲು ಅಂದಿರಿ, ನಂಬಿದೆ. ಆಟದಲ್ಲಿ ಬಿದ್ದಳು ಅಂದಿದ್ದರೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ ಬೇಟೀ." ಇದನ್ನು ನಿನಗೆ ಇಲ್ಲಿಯವರೆಗೆ ಹೇಳಿರಲಿಲ್ಲ.

ಡಾಕ್ಟರಿಗೆ ಎಲ್ಲ ಹೇಳಿದೆ. "ಮೂವತ್ತು ವರ್ಷದ ಮಂಡಿ, ನೋಡದೆ ಏನೂ ಹೇಳೋಕಾಗಲ್ಲ. ಕರ್ಕೊಂಡು ಬನ್ನಿ," ಅಂದರು. ನಿನ್ನ ಹೆಸರಿನಲ್ಲಿ ಚೀಟಿ ಮಾಡಿಸಿದ್ದೇನೆ. ಹೇಗಾಯಿತು ಅನ್ನುವ ಜಾಗದಲ್ಲಿ 'ಥ್ರೋಬಾಲ್, 1995' ಅಂತ ನಾನೇ ಬರೆದೆ. ಬೈಯುವುದಿದ್ದರೆ ಬಂದು ಬೈ, ಕಾಗದದಲ್ಲಿ ಬೇಡ.

ಚಿಂತಾಮಣಿ ಬಸ್ಸಿನಿಂದ ಕೆ.ಆರ್. ಪುರದಲ್ಲಿ ಇಳಿ. ದಿವ್ಯ ಅಲ್ಲಿರುತ್ತಾಳೆ. ಮೆಟ್ರೊದಲ್ಲಿ ಲಿಫ್ಟ್ ಇದೆ. ಏಪ್ರಿಲ್ 17, ಗುರುವಾರ, ಬೆಳಿಗ್ಗೆ ಹತ್ತೂವರೆ. ನಿನ್ನ ಟೋಕನ್ ನಂಬರ್ ಹದಿನಾಲ್ಕು.